ಅತ್ತೆ ಲೆಕ್ಕಕ್ಕೆ ಬರಲ್ಲ

ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾನು ರವಿಕೆ ಹೊಲಿಯುತ್ತ ಕೂತು ಇಪ್ಪತ್ತು ವರ್ಷವಾಯಿತು. ಅದಕ್ಕೆ ಮುಂಚೆ ಹಳ್ಳಿಯ ಮನೆಯ ಜಗಲಿಯಲ್ಲಿ ಹೊಲಿಯುತ್ತಿದ್ದೆ. ಈ ಊರಿನ ಅರ್ಧ ಹೆಂಗಸರ ಎದೆಯ ಅಳತೆ ನನಗೆ ಬಾಯಿಪಾಠ. ಯಾರು ಮೈ ತುಂಬಿಕೊಂಡರು, ಯಾರು ಸೊರಗಿದರು, ಯಾರು ಬಸುರಾದರು ಎನ್ನುವುದು ಅವರ ಗಂಡಂದಿರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗುತ್ತದೆ. ಇಂಥ ನನಗೆ, ನನ್ನದೇ ಎದೆಯೊಳಗೆ ಏನೋ ನಡೆದಿದೆ ಎಂದು ಒಂದು ಯಂತ್ರ ಬಂದು ಹೇಳಬೇಕಾಯಿತಲ್ಲ, ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಹೋದ ವರ್ಷ ಕಾಲೇಜಿನ ಮೈದಾನಕ್ಕೆ ಒಂದು ತಪಾಸಣೆಯ ಬಸ್ಸು ಬಂದಿತ್ತು. ನನ್ನ ಗಿರಾಕಿಯೊಬ್ಬರು, ಪ್ರೈಮರಿ ಶಾಲೆಯ ಮೇಡಂ, ಒಬ್ಬರೇ ಹೋಗಲು ಹೆದರಿ ನನ್ನನ್ನು ಜೊತೆಗೆ ಎಳೆದುಕೊಂಡು ಹೋದರು. ನಾನು ಹೋದದ್ದು ಧೈರ್ಯ ಹೇಳಲಿಕ್ಕಲ್ಲ, ಬಸ್ಸಿನೊಳಗೆ ಯಂತ್ರ ಹೇಗಿರುತ್ತದೆ ಎಂದು ನೋಡಲಿಕ್ಕೆ. ನನ್ನ ಬುದ್ಧಿಯೇ ಅಂಥದ್ದು. ಹೊಸ ಮಿಷನ್ ಬಂತೆಂದರೆ ಅದರ ಹೊಟ್ಟೆ ಬಿಚ್ಚಿ ನೋಡುವ ತನಕ ಸಮಾಧಾನವಿಲ್ಲ. ಎರಡು ಹಲಗೆಗಳ ನಡುವೆ ಎದೆಯನ್ನಿಟ್ಟು ಒತ್ತಿದರು, ಉಸಿರು ಹಿಡಿಯಿರಿ ಎಂದರು, ಎರಡು ನಿಮಿಷದಲ್ಲಿ ಮುಗಿಯಿತು. ಮೇಡಂಗೆ ಏನೂ ಇರಲಿಲ್ಲ. ನನಗೆ ಮಾತ್ರ ತುಮಕೂರಿನ ಆಸ್ಪತ್ರೆಗೆ ಬರಬೇಕೆಂದು ಫೋನು ಬಂತು.

ಎಡಗಡೆಯ ಚಿತ್ರದಲ್ಲಿ ಒಂದು ಕಡೆ ಸುಣ್ಣದ ಪುಡಿ ಉದುರಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆ. ಗಂಟಿಲ್ಲ, ನೋವಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ನಿಂತು ನಾನೇ ಎಷ್ಟೋ ಹೊತ್ತು ಒತ್ತಿ ನೋಡಿಕೊಂಡೆ. ಬಟ್ಟೆಯೊಳಗೆ ಮುರಿದ ಸೂಜಿಯ ತುದಿ ಉಳಿದಿದ್ದರೂ ಪತ್ತೆ ಹಚ್ಚುವ ಬೆರಳು ಇವು. ಏನೂ ಸಿಗಲಿಲ್ಲ.

ತುಮಕೂರಿನಲ್ಲಿ ಮೊದಲು ಒಬ್ಬ ನರ್ಸಮ್ಮ ಫಾರಂ ತುಂಬಿಸಿಕೊಂಡಳು. ವಯಸ್ಸು ನಲವತ್ತೆಂಟು. ಮಕ್ಕಳು ಒಬ್ಬಳು, ಮಗಳು. ಮೈನೆರೆದದ್ದು ಯಾವಾಗ, ಎದೆಹಾಲು ಎಷ್ಟು ತಿಂಗಳು ಕುಡಿಸಿದಿರಿ ಎಂದೆಲ್ಲ ಕೇಳಿ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂದಳು. ನಮ್ಮ ಅತ್ತೆಗೆ ಇತ್ತು ಎಂದೆ. ಅವಳು ತಲೆಯನ್ನೂ ಎತ್ತಲಿಲ್ಲ.

‘ಅತ್ತೆ ಲೆಕ್ಕಕ್ಕೆ ಬರಲ್ಲ ಕಣಮ್ಮ. ನಾವು ಕೇಳ್ತಿರೋದು ರಕ್ತಸಂಬಂಧ.’

ಸರಿಯಾಗಿಯೇ ಹೇಳಿದಳು ಅನ್ನಿಸಿತು. ಗಂಡನ ತಾಯಿಗೂ ನನ್ನ ಎದೆಗೂ ಏನು ಸಂಬಂಧ? ಅವಳು ಆ ಜಾಗದಲ್ಲಿ ‘ಇಲ್ಲ’ ಎಂದು ಬರೆದುಕೊಂಡಳು, ನಾನು ಎದ್ದು ಬಂದೆ.

ದಪ್ಪ ಸೂಜಿ ಹಾಕಿ ಎಳೆಯಷ್ಟು ಚೂರು ತೆಗೆದರು. ರಿಪೋರ್ಟು ತರಲು ನನ್ನ ಗಂಡ ಹೋಗಿದ್ದರು. ಅವರು ತೋಟ ತೋಟಕ್ಕೆ ಹೋಗಿ ಕಾಯಿ ಸುಲಿಸುವ ಗುಂಪಿನ ಮೇಸ್ತ್ರಿ. ಮದುವೆಗೆ ಮುಂಚೆ ಅವರನ್ನು ಭಾವ ಎನ್ನುತ್ತಿದ್ದೆ, ಆಮೇಲೆ ‘ರೀ’ ಎನ್ನಲು ಶುರುಮಾಡಿದೆ, ಸಿಟ್ಟು ಬಂದಾಗ ಈಗಲೂ ಭಾವ ಎಂದೇ ಬಾಯಿಗೆ ಬರುತ್ತದೆ. ಎಸೆಸೆಲ್ಸಿ ಇಂಗ್ಲಿಷಿನಲ್ಲಿ ಪಾಸಾದವರೆಂದು ಅವರಿಗೆ ಇವತ್ತಿಗೂ ಒಂದು ಕೊಬ್ಬು. ರಿಪೋರ್ಟಿನ ಜೊತೆಗೆ ಜಿಲೇಬಿಯ ಪೊಟ್ಟಣವನ್ನೂ ಹಿಡಿದು ಬಂದರು. ‘ಎ ಟಿಪಿಕಲ್ ಅಂತ ಬರ್ದವ್ರೆ ಕಣೇ. ಟಿಪಿಕಲ್ ಅಂದ್ರೆ ಮಾಮೂಲಿ. ಕ್ಯಾನ್ಸರ್ ಅನ್ನೋ ಪದವೇ ಇಲ್ಲ. ಬುಡು, ತಿನ್ನು.’

ನಾನು ಜಿಲೇಬಿ ತಿನ್ನುತ್ತಲೇ ಕಾಗದವನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಇಂಗ್ಲಿಷು ನನಗೆ ಅಷ್ಟಕ್ಕಷ್ಟೆ. ಆದರೆ ಸಂದು ಎಲ್ಲಿದೆ, ಎಲ್ಲಿಲ್ಲ ಎನ್ನುವುದು ನನ್ನ ಕಸುಬು. ಆ ‘ಎ’ ಅಕ್ಷರಕ್ಕೂ ಮುಂದಿನ ‘ಟಿ’ ಅಕ್ಷರಕ್ಕೂ ನಡುವೆ ಸಂದೇ ಇರಲಿಲ್ಲ. ಎರಡೂ ಅಂಟಿಕೊಂಡು ಒಂದೇ ಪದವಾಗಿತ್ತು. ಕೈಯಲ್ಲಿದ್ದ ಜಿಲೇಬಿಯನ್ನು ಪೊಟ್ಟಣಕ್ಕೆ ವಾಪಸ್ ಹಾಕಿದೆ.

ಮಾರನೆಯ ದಿನ ಇಬ್ಬರೂ ರೈಲು ಹತ್ತಿದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನನ್ನ ಮಗಳಿಗಿಂತ ಆರೇಳು ವರ್ಷ ದೊಡ್ಡವರಿರಬಹುದು. ನನ್ನ ಗಂಡನ ಇಂಗ್ಲಿಷು ಕೇಳಿ ನಗಲಿಲ್ಲ, ಅದು ಅವರ ದೊಡ್ಡತನ. ಅನ್ಯಾಯ, ಅಸಹಜ ಎನ್ನುವಾಗ ಬರುವ ನಮ್ಮ ‘ಅ’ ಇದ್ದ ಹಾಗೆಯೇ ಈ ‘ಎ’ ಕೂಡ, ಹಾಗಾಗಿ ಅದು ಮಾಮೂಲಿಯಲ್ಲದ್ದು ಎಂದರು. ಆಮೇಲೆ ಕಾಗದದ ಮೇಲೆ ಒಂದು ಕೊಳವೆ ಬರೆದರು. ಎದೆಯಲ್ಲಿ ಹಾಲು ಹರಿಯುವ ನಾಳಗಳಿರುತ್ತವೆ, ಅವುಗಳ ಒಳಗೋಡೆಗೆ ಜೀವಕೋಶಗಳು ಎರಡು ಸಾಲಾಗಿ ಅಂಟಿಕೊಂಡಿರುತ್ತವೆ. ಕೆಲವರಲ್ಲಿ ಅವು ಹೆಚ್ಚಿ ಮೂರು ನಾಲ್ಕು ಸಾಲಾಗುತ್ತವೆ, ಅದು ಬಹಳ ಹೆಂಗಸರಲ್ಲಿ ಆಗುವುದೇ. ನನ್ನಲ್ಲಿ ಹೆಚ್ಚಿದ್ದಲ್ಲದೆ ಅವುಗಳ ರೂಪವೂ ಜೋಡಣೆಯೂ ಬದಲಾಗಿತ್ತು. ಇದು ಕ್ಯಾನ್ಸರ್ ಅಲ್ಲ ಎಂದು ಎರಡು ಸಲ ಹೇಳಿದರು. ಆದರೆ ಇಂಥ ಬದಲಾವಣೆ ಕಂಡವರಿಗೆ ಮುಂದೆ ಯಾವಾಗಲಾದರೂ, ಈ ಎದೆಯಲ್ಲೋ ಆ ಎದೆಯಲ್ಲೋ, ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಬಂದೇ ಬರುತ್ತದೆ ಅಂತಲ್ಲ, ಹೆಚ್ಚು ಜನಕ್ಕೆ ಬರುವುದೇ ಇಲ್ಲ ಎಂದೂ ಸೇರಿಸಿದರು.

ನಾನು ಕೇಳಲು ಶುರುಮಾಡಿದೆ. ಬಿಳಿ ಚುಕ್ಕೆ ಏನು? ಆ ನಾಳಗಳಲ್ಲಿ ಕೂತ ಸುಣ್ಣದ ಕಣ, ಅದರಿಂದ ತೊಂದರೆಯಿಲ್ಲ, ಅದು ಕಂಡದ್ದರಿಂದಲೇ ಇದು ಸಿಕ್ಕಿತು. ಯಾವಾಗ ಶುರುವಾಯಿತು? ಹೇಳಲಾಗದು. ಯಾಕೆ? ಅದನ್ನೂ ಪೂರ್ತಿ ಹೇಳಲಾಗದು. ಕಡಿಮೆಯಾಗುತ್ತದೆಯೇ? ಆ ಜಾಗವನ್ನು ತೆಗೆದು ಪಕ್ಕದಲ್ಲಿ ಇನ್ನೇನಾದರೂ ಅಡಗಿದೆಯೇ ಎಂದು ನೋಡಬೇಕು. ಹೊರಗೆ ಸಾಲು ಉದ್ದವಾಗುತ್ತಿತ್ತು, ನನ್ನ ಗಂಡ ಸೆರಗು ಜಗ್ಗುತ್ತಿದ್ದರು, ನನಗೆ ಪ್ರಶ್ನೆ ಮುಗಿಯಲೊಲ್ಲದು. ಕೊನೆಗೆ ಅದನ್ನು ನಾನೇ ನೋಡಬಹುದೇ ಎಂದು ಕೇಳಿಬಿಟ್ಟೆ. ಡಾಕ್ಟರಮ್ಮ ಒಂದು ಕ್ಷಣ ನನ್ನ ಮುಖ ನೋಡಿ, ಇದುವರೆಗೆ ಯಾರೂ ಕೇಳಿರಲಿಲ್ಲ ಎಂದು ನಕ್ಕು, ಮೇಲಿನ ಲ್ಯಾಬಿಗೆ ಫೋನು ಮಾಡಿದರು.

ಲ್ಯಾಬಿನ ಡಾಕ್ಟರು ವಯಸ್ಸಾದವರು. ಗಾಜಿನ ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಜಾಗ ಬಿಟ್ಟುಕೊಟ್ಟರು. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಗುಲಾಬಿ ಬಣ್ಣದ ಬಯಲು, ಅದರಲ್ಲಿ ನೇರಳೆ ಚುಕ್ಕೆಗಳ ಉಂಗುರಗಳು. ಒಂದು ಉಂಗುರದ ಒಳ ಅಂಚಿಗೆ ಚುಕ್ಕೆಗಳು ಎರಡು ಸಾಲಾಗಿ ನಿಂತಿದ್ದವು, ನಡುವೆ ಖಾಲಿ. ಅದು ಸರಿಯಾದ ನಾಳ. ಪಕ್ಕದ ಉಂಗುರದೊಳಗೆ ಚುಕ್ಕೆಗಳು ಕಿಕ್ಕಿರಿದು ಅಲ್ಲಲ್ಲಿ ದುಂಡನೆಯ ತೂತು ಬಿಟ್ಟುಕೊಂಡಿದ್ದವು. ನಾನು ಏನೋ ಅಸಹ್ಯವಾದದ್ದು ಕಾಣುತ್ತದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಎಲ್ಲವೂ ಒಂದೇ ಅಳತೆ, ಒಂದೇ ದುಂಡು, ಕಸೂತಿಯವಳು ಬೇಕೆಂದೇ ಕೂರಿಸಿದ ಹಾಗೆ. ಅದನ್ನೇ ಹೇಳಿದೆ. ಅವರಿಗೆ ಖುಷಿಯಾಯಿತು.

‘ಅದೇ ನೋಡಮ್ಮ ತೊಂದ್ರೆ. ಸುಮ್ನೆ ಹೆಚ್ಚಿದ್ದಾದ್ರೆ ದೊಡ್ಡದು ಚಿಕ್ಕದು ಬೆರೆತಿರುತ್ತೆ. ಹಿಂಗೆ ಒಂದೇ ಅಚ್ಚಿನಲ್ಲಿ ಹೊಯ್ದಂಗಿದ್ರೆ ನಮಗೆ ಅನುಮಾನ.’

ಇದಕ್ಕೂ ಕ್ಯಾನ್ಸರಿಗೂ ನಡುವಿನ ಗೆರೆ ಎಲ್ಲಿದೆ ಎಂದು ಕೇಳಿದೆ. ಇಂಥದ್ದೇ ಇನ್ನಷ್ಟು ಜಾಗ ಹಿಡಿದಿದ್ದರೆ ಬೇರೆ ಹೆಸರು ಬರೆಯುತ್ತಿದ್ದೆವು, ಗೆರೆ ಎಳೆಯುವವರು ನಾವೇ, ಮೈಗೆ ಆ ಗೆರೆ ಗೊತ್ತಿಲ್ಲ ಎಂದರು. ಆ ಮಾತು ಕೇಳಿದ ಮೇಲೂ ಇನ್ನೊಂದು ಸಲ ಬಗ್ಗಿ ನೋಡಿದೆ.

ಊರಿಗೆ ಬಂದ ಮೇಲೆ ಒಬ್ಬೊಬ್ಬರದು ಒಂದೊಂದು ಕಾರಣ. ಬಿಗಿ ರವಿಕೆ ಹಾಕುತ್ತೀಯ ಅದಕ್ಕೇ ಎಂದಳು ಪಕ್ಕದ ಅಂಗಡಿಯವಳು. ಅವಳ ರವಿಕೆ ಹೊಲಿಯುವವಳೂ ನಾನೇ, ಉಸಿರಾಡಲಾಗದಷ್ಟು ಬಿಗಿ ಕೇಳುವವಳೂ ಅವಳೇ. ದಿನವಿಡೀ ಬಗ್ಗಿ ಮಿಷನ್ ತುಳಿದದ್ದು, ಒಂದೇ ಮಗು ಹೆತ್ತದ್ದು, ಯಾರದೋ ಕಣ್ಣು ಬಿದ್ದದ್ದು, ಎಲ್ಲ ಬಂತು. ಕೆಲವರ ಬಾಯಿ ಮುಚ್ಚಿಸಿದೆ, ಕೆಲವರಿಗೆ ಗಾಜಿನ ಪಟ್ಟಿಯಲ್ಲಿ ಕಂಡದ್ದನ್ನು ಸೀಮೆಸುಣ್ಣದಲ್ಲಿ ಕಟಿಂಗ್ ಮೇಜಿನ ಮೇಲೆ ಬರೆದು ತೋರಿಸಿದೆ. ಆದರೆ ಕಾರಣ ನನಗೂ ಬೇಕಿತ್ತು. ಇದು ಎಲ್ಲಿಂದ ಬಂತು ಎಂದು ಗೊತ್ತಾದರೆ ಎಲ್ಲಿಗೆ ಹೋಗುತ್ತದೆ ಎಂದೂ ಗೊತ್ತಾಗುತ್ತದಲ್ಲ. ಹಾಸನದ ಹೈಸ್ಕೂಲೊಂದರಲ್ಲಿ ಗಣಿತ ಹೇಳುವ ನನ್ನ ಮಗಳಿಗೆ ಇಪ್ಪತ್ತಾರು. ಇದು ಅವಳ ಕಡೆಗೆ ಹೊರಟಿದೆಯೋ ಇಲ್ಲವೋ, ನನಗೆ ಬೇಕಾಗಿದ್ದ ಉತ್ತರ ಅದೊಂದೇ. ನನ್ನದು ಹೇಗೋ ಆಗುತ್ತದೆ.

ಆಪರೇಷನ್ ಆಯಿತು. ಕೈಗೆ ಸಿಗದ ಜಾಗವಾದ್ದರಿಂದ ಮೊದಲು ಚಿತ್ರ ನೋಡಿಕೊಂಡು ಒಂದು ಸಣ್ಣ ತಂತಿ ಚುಚ್ಚಿ ಗುರುತು ಮಾಡಿದರು, ಆಮೇಲೆ ಕತ್ತರಿಸಿದರು. ಗುರುತಿಲ್ಲದೆ ಕತ್ತರಿ ಹಾಕದವರನ್ನು ಕಂಡರೆ ನನಗೆ ಗೌರವ. ಪಟ್ಟಿ ಬಿಚ್ಚಿದ ದಿನ ಹೊಲಿಗೆಯನ್ನು ಕನ್ನಡಿಯಲ್ಲಿ ಪರೀಕ್ಷಿಸಿದೆ. ಒಂದು ಕೊನೆಯಲ್ಲಿ ಚೂರು ಎಳೆದಿತ್ತು, ಉಳಿದದ್ದು ಅಚ್ಚುಕಟ್ಟು.

ಹತ್ತು ದಿನ ಬಿಟ್ಟು ಫಲಿತಾಂಶಕ್ಕೆ ಹೋದೆವು. ತೆಗೆದ ಭಾಗದಲ್ಲಿ ಮೊದಲಿನಂಥದ್ದೇ ಇತ್ತು, ಕ್ಯಾನ್ಸರ್ ಎಲ್ಲೂ ಇರಲಿಲ್ಲ. ನನ್ನ ಗಂಡ ಕೈ ಮುಗಿದು ಆಗಲೇ ಎದ್ದು ನಿಂತರು. ಡಾಕ್ಟರಮ್ಮ ಅವರನ್ನು ಕೂರಿಸಿ, ವರ್ಷ ವರ್ಷ ಚಿತ್ರ ತೆಗೆಸಬೇಕು, ಅಪಾಯ ತಗ್ಗಿಸುವ ಮಾತ್ರೆ ಬೇಕೋ ಬೇಡವೋ ಯೋಚಿಸಬೇಕು ಎನ್ನುತ್ತ ಹಳೆಯ ಫಾರಂ ತಿರುವಿದರು. ನಿಮ್ಮ ರಕ್ತಸಂಬಂಧದಲ್ಲಿ ಯಾರಿಗೂ ಇಲ್ಲ, ಅದೊಂದು ಒಳ್ಳೆಯದು ಎಂದರು. ಏನೋ ಸುಮ್ಮನಿರಲಾಗದೆ ಹೇಳಿದೆ. ನಮ್ಮತ್ತೆಗೆ ಕ್ಯಾನ್ಸರ್ ಇತ್ತು, ಅತ್ತೆ ಲೆಕ್ಕಕ್ಕೆ ಬರಲ್ಲ ಅಂತ ನರ್ಸಮ್ಮ ಬಿಟ್ಟರು ಎಂದೆ.

‘ಅತ್ತೆ ಅಂದ್ರೆ ಯಜಮಾನ್ರ ತಾಯಿ ತಾನೆ?’

‘ಹೂಂ ಮೇಡಂ. ನಮ್ಮಪ್ಪನ ಅಕ್ಕ.’

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಯಾವುದು, ಗಂಡನ ತಾಯಿಯೋ ಅಪ್ಪನ ಅಕ್ಕನೋ ಎಂದರು. ಎರಡೂ ಒಬ್ಬಳೇ, ನಾನು ಮದುವೆಯಾದದ್ದು ಸೋದರತ್ತೆಯ ಮಗನನ್ನು ಎನ್ನುತ್ತಿರುವಾಗಲೇ ನನ್ನ ತಲೆಯೊಳಗೆ ದೀಪ ಹೊತ್ತಿತು. ಇಷ್ಟು ದಿನ ಎಂಥ ಪೆದ್ದಿಯಾಗಿದ್ದೆ! ಮದುವೆಗೆ ಮುಂಚೆ ಅವಳು ನನಗೆ ಅತ್ತೆ, ಮದುವೆಯಾದ ಮೇಲೂ ಅತ್ತೆ. ಕರೆಯುವ ಪದ ಬದಲಾಗಿದ್ದರೆ ಎರಡು ನೆಂಟಸ್ತಿಕೆಯೂ ನೆನಪಿನಲ್ಲಿ ಉಳಿಯುತ್ತಿದ್ದವೋ ಏನೋ. ಪದ ಒಂದೇ ಆದದ್ದರಿಂದ, ಸೊಸೆಯಾದ ದಿನವೇ ಅಪ್ಪನ ಅಕ್ಕ ಕಳೆದುಹೋಗಿ ಗಂಡನ ತಾಯಿ ಮಾತ್ರ ಉಳಿದಿದ್ದಳು. ನನ್ನ ಮೂಗು ಅವಳದೇ ಎಂದು ಊರೆಲ್ಲ ಹೇಳುತ್ತಿತ್ತು. ಆದರೂ ರಕ್ತಸಂಬಂಧ ಎಂದಾಗ ನನಗೆ ಅವಳು ಹೊಳೆಯಲಿಲ್ಲ.

ಡಾಕ್ಟರಮ್ಮ ಅವಳಿಗೆ ಕ್ಯಾನ್ಸರ್ ಎಲ್ಲಿತ್ತು ಎಂದು ಕೇಳಿದರು. ಹೊಟ್ಟೆಯಲ್ಲಿ ಗಡ್ಡೆ ಎಂದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅದೇ, ನಮ್ಮಪ್ಪನಿಗೂ ಗೊತ್ತಿದ್ದದ್ದು ಅದೇ. ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಓಡಾಡಿದವರು ಮಗ ಒಬ್ಬರೇ. ಆ ಮಗ ಈಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಜಡ್ಡುಗಟ್ಟಿದ ತಮ್ಮ ಅಂಗೈಯನ್ನು ಉಜ್ಜಿಕೊಳ್ಳುತ್ತಿದ್ದರು.

‘ಹೊಟ್ಟೇಲಲ್ಲ,’ ಎಂದರು. ‘ಎದೇಲಿ. ಎಡಗಡೆ.’

ನಾನು ತಿರುಗಿ ನೋಡಿದೆ. ಅವರು ನನ್ನ ಕಡೆ ನೋಡದೆ ಡಾಕ್ಟರಮ್ಮನಿಗೆ ಹೇಳಿದರು. ತೋರಿಸುವ ಹೊತ್ತಿಗೆ ಹುಣ್ಣಾಗಿತ್ತಂತೆ. ಆ ಜಾಗದ ಹೆಸರನ್ನು ನಾಲ್ಕು ಜನರ ಬಾಯಲ್ಲಿ ಆಡಿಸಬೇಡ, ಸೊಸೆಗೂ ಹೇಳಬೇಡ ಎಂದು ತಾಯಿ ಆಣೆ ಹಾಕಿಸಿಕೊಂಡಿದ್ದಳಂತೆ. ವಯಸ್ಸು ಎಷ್ಟಿತ್ತು ಎಂದು ಡಾಕ್ಟರಮ್ಮ ಕೇಳಿದಾಗ ಐವತ್ತು ತುಂಬಿರಲಿಲ್ಲ ಎಂದರು.

ನನಗೆ ಎಂಥ ಸಿಟ್ಟು ಬಂತೆಂದರೆ, ಡಾಕ್ಟರಮ್ಮ ಎದುರಿಗಿರದಿದ್ದರೆ ಏನಾಗುತ್ತಿತ್ತೋ. ಆ ಚುಕ್ಕೆ ಕಂಡ ದಿನದಿಂದ ಈ ಮನುಷ್ಯ ನನ್ನ ಜೊತೆಗೇ ಇದ್ದಾನೆ, ಊರವರ ನೂರು ಕಾರಣಗಳನ್ನು ನನ್ನ ಜೊತೆ ಕೂತು ಕೇಳಿದ್ದಾನೆ, ಬಾಯಿ ಬಿಟ್ಟಿಲ್ಲ. ಆದರೆ ಆ ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು, ಅದು ನನ್ನ ಮೇಲಿನದು. ಮಗಳಿಗೆ ಆಗ ಎರಡು ವರ್ಷ. ಅತ್ತೆ ಜಗಲಿಗೆ ಬಂದು ರವಿಕೆಯ ಎಡಗಡೆ ಸ್ವಲ್ಪ ಸಡಿಲ ಮಾಡಿಕೊಡು ಎಂದಿದ್ದಳು. ಸಡಿಲ ಮಾಡಿಕೊಟ್ಟೆ. ಎಂಟು ದಿನ ಬಿಟ್ಟು ಇನ್ನೂ ಚೂರು ಸಡಿಲ ಮಾಡು ಎಂದು ಬಂದಳು. ಅಳತೆ ಸರಿಯಾಗಿ ತೆಗೆಯಲು ಬಿಡುವುದಿಲ್ಲ, ಹಳೇ ರವಿಕೆ ಬಿಸಾಕಿ ಹೋಗುತ್ತೀಯ, ಆಮೇಲೆ ನನ್ನ ಹೊಲಿಗೆಯನ್ನು ಆಡಿಕೊಳ್ಳುತ್ತೀಯ ಎಂದು ರೇಗಿದೆ. ಅವಳು ರವಿಕೆ ಎತ್ತಿಕೊಂಡು ಹೋದಳು. ಒಂದೇ ಕಡೆ ಯಾಕೆ ಬಿಗಿಯಾಗುತ್ತದೆ ಎಂದು ನಾನು ಕೇಳಲಿಲ್ಲ. ಕಂಡಕಂಡದ್ದಕ್ಕೆಲ್ಲ ಯಾಕೆ ಎಂದು ಕೇಳುವ ನಾನು ಅದೊಂದನ್ನು ಕೇಳಲಿಲ್ಲ. ಆ ಕೋಣೆಯಲ್ಲಿ ಕೂತು ಅದಕ್ಕಾಗಿ ಅತ್ತುಬಿಟ್ಟೆ.

ಡಾಕ್ಟರಮ್ಮ ನನ್ನನ್ನು ಅಳಲು ಬಿಟ್ಟರು. ಆಮೇಲೆ ಹೊಸ ಹಾಳೆ ತೆಗೆದುಕೊಂಡು, ಹೆಂಗಸಿಗೆ ದುಂಡು, ಗಂಡಸಿಗೆ ಚೌಕ ಎನ್ನುತ್ತ ನಮ್ಮ ಮನೆತನವನ್ನು ಬರೆಯತೊಡಗಿದರು. ಅಪ್ಪನ ಚೌಕದ ಪಕ್ಕ ಅತ್ತೆಯ ದುಂಡು. ಅಪ್ಪನ ಕೆಳಗೆ ನಾನು. ಗಂಡನ ಕಡೆಗೆ ಬಂದಾಗ ಅಭ್ಯಾಸದಂತೆ ಇನ್ನೊಂದು ಬದಿಯಲ್ಲಿ ಅವರ ತಾಯಿಗೆ ಬೇರೆ ದುಂಡು ಬರೆಯಲು ಹೊರಟವರು ನಡುವೆಯೇ ನಿಲ್ಲಿಸಿ ಅದನ್ನು ಹೊಡೆದುಹಾಕಿ, ಮೊದಲಿನ ದುಂಡಿನಿಂದಲೇ ಗೆರೆ ಎಳೆದು ಅವರನ್ನು ಕೆಳಗೆ ಇಳಿಸಿದರು. ನನಗೂ ಅವರಿಗೂ ನಡುವೆ, ರಕ್ತಸಂಬಂಧದಲ್ಲೇ ಆದ ಮದುವೆಯೆಂದು, ಜೋಡಿಗೆರೆ. ಕಾಯಿಲೆ ಬಂದವಳೆಂದು ಅತ್ತೆಯ ದುಂಡಿಗೆ ಕಪ್ಪು ತುಂಬಿದರು. ಕೊನೆಗೆ ನಮ್ಮಿಬ್ಬರ ಕೆಳಗೆ ಒಂದು ಸಣ್ಣ ದುಂಡು ಬಂತು. ಅಪ್ಪ, ನಾನು ಎಂದು ಆ ಕಡೆಯಿಂದ ಇಳಿದರೂ, ಮಗ ಎಂದು ಈ ಕಡೆಯಿಂದ ಇಳಿದರೂ ಬಂದು ಸೇರುವುದು ಅದಕ್ಕೇ.

ಗಂಡಸಿನ ಮೂಲಕ ಬರುವುದಿಲ್ಲ ತಾನೆ ಎಂದು ನನ್ನ ಗಂಡ ಕೇಳಿದರು. ಬರುತ್ತದೆ ಎಂದರು ಡಾಕ್ಟರಮ್ಮ. ಎರಡು ದಾರಿ ಇದೆಯೆಂದರೆ ಯಾವುದಾದರೂ ಒಂದರಲ್ಲಿ ಬಂದಿದೆ ಎಂದು ಅರ್ಥವಲ್ಲ, ಎಷ್ಟೋ ಸಲ ಏನೂ ಬಂದಿರುವುದಿಲ್ಲ. ಆದರೆ ಈಗ ಗೊತ್ತಾಗಿದೆ, ಇನ್ನು ಊಹಿಸುತ್ತ ಕೂರಬೇಕಿಲ್ಲ. ಇದು ವಂಶದಲ್ಲಿ ಇಳಿದು ಬಂದದ್ದೇ ಎಂದು ತಿಳಿಯಲು ಮೊದಲು ನೀವಿಬ್ಬರೂ ರಕ್ತ ಪರೀಕ್ಷೆಗೆ ಕೊಡಿ, ಮಗಳು ಒಂದು ಸಲ ಬಂದು ಮಾತಾಡಲಿ, ಉಳಿದವರಿಗಿಂತ ಮುಂಚೆಯೇ ತಪಾಸಣೆ ಶುರುಮಾಡಬೇಕಾಗಬಹುದು, ಅವಳಿಗೆ ವಿಷಯ ಪೂರ್ತಿ ಹೇಳಿ ಎಂದರು. ನನ್ನ ಗಂಡ ಆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಸಣ್ಣ ದುಂಡನ್ನು ಬಹಳ ಹೊತ್ತು ನೋಡಿದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತು ಮಗಳಿಗೆ ಫೋನು ಮಾಡಿದೆ. ಕ್ಲಾಸಿನ ಮಧ್ಯದ ಬಿಡುವಿನಲ್ಲಿದ್ದಳು. ನನಗೆ ಕ್ಯಾನ್ಸರ್ ಇಲ್ಲ ಎಂದು ಹೇಳಿದೆ, ಅವಳು ಉಸಿರು ಬಿಟ್ಟದ್ದು ಕೇಳಿಸಿತು. ನಿಮ್ಮಜ್ಜಿ ಇದ್ದಳಲ್ಲ ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದೆ. ಆಣೆ ನನ್ನದಲ್ಲ, ಮುರಿಯುವುದೂ ನನ್ನ ಕೈಲಿರಲಿಲ್ಲ. ನನ್ನ ಗಂಡ ಕೈ ಚಾಚಿದರು. ಕೊಟ್ಟೆ.

‘ಮಗಾ, ನಿಮ್ಮಜ್ಜಿ ಹೊಟ್ಟೆ ಗಡ್ಡೆಯಿಂದ ಹೋದ್ಲು ಅಂತ ಹೇಳಿದ್ನಲ್ಲ, ಅದು ಸುಳ್ಳು ಕಣವ್ವ,’ ಎಂದರು. ‘ಎದೆ ಕ್ಯಾನ್ಸರ್ ಆಗಿತ್ತು ಅವ್ವಂಗೆ. ಹೇಳ್ಬೇಡ ಅಂದಿದ್ಲು, ಹೇಳ್ಲಿಲ್ಲ. ಈಗ ನಿಂಗೆ ಹೇಳ್ತಿದೀನಿ.’

ಅತ್ತ ಕಡೆಯಿಂದ ಶಾಲೆಯ ಮಕ್ಕಳ ಗದ್ದಲ ನನ್ನವರೆಗೂ ಕೇಳಿಸುತ್ತಿತ್ತು. ಆಮೇಲೆ ಅವಳು ಏನೋ ಕೇಳಿದಳು. ಅವರು ಉತ್ತರ ಹೇಳಲು ಬಾಯಿ ತೆರೆದವರು ನನ್ನ ಕಡೆ ತಿರುಗಿದರು, ಆ ದಿನ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು.

‘ಅಜ್ಜಿಗಾ? ಆಗ ನಲವತ್ತೆಂಟು ಕಣವ್ವ,’ ಎಂದರು. ‘ನಿಮ್ಮಮ್ಮಂಗೆ ಈಗ ಎಷ್ಟೋ, ಅಷ್ಟೇ.’